ಯಾವ ಮಿಲಿಟ್ರಿ?

"ಸುಳ್ಳು ಬರ್ದೀ ಯವ್ವಾ," ಎಂದಳು ಪೆಂಟಮ್ಮ, ಉಣ್ಣೆ ಹಿಂಜುತ್ತಿದ್ದ ಕೈ ನಿಲ್ಲಿಸಿ.

ಬರೆದದ್ದನ್ನು ಓದಿ ಹೇಳುತ್ತಿದ್ದ ಶಿರಿಷಾ ಲ್ಯಾಪ್‌ಟಾಪಿನಿಂದ ತಲೆ ಎತ್ತಿದಳು. ತೆಲಂಗಾಣದ ಗಡಿಯ ನಾರಾಯಣಪೇಟೆ ಜಿಲ್ಲೆಯಾದ ವರ್ಷ ಕೃಷ್ಣೆಗೆ ಪ್ರವಾಹ ಬಂದಿತ್ತಲ್ಲ, ಆಗ ಊರವರೂ ಸೈನಿಕರೂ ಹೇಗೆ ಕೂಡಿ ಕೆಲಸ ಮಾಡಿದರು ಎಂಬುದರ ಮೇಲೆ ಎರಡು ವರ್ಷ ಒದ್ದಾಡಿ ಬರೆದ ಪ್ರಬಂಧ ಅದು. ಸಂಶೋಧನಾ ಪತ್ರಿಕೆಯವರು ಒಮ್ಮೆ ಹಿಂದಕ್ಕೆ ಕಳಿಸಿದ್ದರು. ಎರಡನೆಯ ಸಲ ಒಂದೇ ಪ್ರಶ್ನೆ ಹಾಕಿದ್ದರು: ನದಿಯ ನಡುವಿನ ದಿಬ್ಬದಲ್ಲಿ ಸಿಕ್ಕಿಬಿದ್ದ ಕುರುಬ ದಂಪತಿ, ದೋಣಿ ಬಂದ ಮೇಲೂ ಎರಡು ತಾಸು ಹತ್ತಲಿಲ್ಲವೇಕೆ? 'ಸೇನೆಯ ಮೇಲಿನ ಅಪನಂಬಿಕೆ' ಎಂದು ಮೂರು ಪುಟ ಬರೆದಿದ್ದೀರಿ, ಆಧಾರವೇನು? ಉತ್ತರ ಸಂಜೆ ಐದರೊಳಗೆ ಬರದಿದ್ದರೆ ಪ್ರಬಂಧ ಕಸದ ಬುಟ್ಟಿಗೆ.

ಆಧಾರ ಎಲ್ಲಿಂದ ತರಬೇಕು? ಹಿಂದೆ ಎರಡು ಸಲ ಬಂದು ಕೇಳಿದಾಗಲೂ ಈ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, ಚಹಾ ಕುಡಿಸಿ ಕಳಿಸಿದ್ದರು. ಅವರು ಹೇಳದ್ದನ್ನು ಇವಳೇ ದೊಡ್ಡ ದೊಡ್ಡ ಮಾತುಗಳಲ್ಲಿ ಊಹಿಸಿ ಬರೆದಿದ್ದಳು. ಈಗ ಮೊದಲ ಬಸ್ಸಿಗೇ ಮಕ್ತಲ್‌ಗೆ ಬಂದು, ಆಟೋ ಹಿಡಿದು ಹೊಳೆದಂಡೆಯ ಈ ಹಳ್ಳಿಗೆ ಮತ್ತೆ ಓಡಿಬಂದಿದ್ದಾಳೆ.

"ಸುಳ್ಳಾದ್ರ ಖರೆ ಏನು ಹೇಳ್ರಿ."

ಪೆಂಟಮ್ಮ ಮತ್ತೆ ಉಣ್ಣೆಗೆ ಕೈ ಹಾಕಿದಳು. ಶಿರಿಷಾ ಅವಳ ಗಂಡ ಬಾಲಯ್ಯನತ್ತ ತಿರುಗಿದಳು. "ಕಾಕಾ, ನೀವರ ಹೇಳ್ರಿ."

ಬಾಲಯ್ಯ ಹಣೆಯ ಮೇಲಿನ ಅರಿಶಿನದ ಭಂಡಾರ ಮುಟ್ಟಿಕೊಂಡ. "ಬೀರಪ್ಪನ ಭಂಡಾರ ಮುಟ್ಟಿಸಿ ಆಣಿ ಮಾಡಿಸ್ಯಾಳ್ರೀ. ನಾ ಬಾಯಿ ಬಿಟ್ರ ಮನ್ಯಾಗ ರೊಟ್ಟಿ ಬಂದ್."

"ಹಂಗಾರ ಇದನ್ನ ಕಳಸ್ತೀನಿ. ಸೈನಿಕರ ಮ್ಯಾಲ ನಿಮಗ ನಂಬಿಗಿ ಇದ್ದಿಲ್ಲ ಅಂತ ಅಚ್ಚಾಗ್ತೈತಿ. ಮಿಲಿಟ್ರಿಯವರೂ ಓದ್ತಾರ."

ಪೆಂಟಮ್ಮನ ಕೈ ನಿಂತಿತು. "ಆ ಮರಿ ಎತ್ಕೊಂಡ ಹುಡುಗನೂ ಓದ್ತಾನ?"

"ಓದಬಹುದು."

ಪೆಂಟಮ್ಮ ಉಣ್ಣೆಯನ್ನು ಪಕ್ಕಕ್ಕೆ ಸರಿಸಿದಳು. "ಹಂಗಾರ ಬರಕೋ. ನಗಬ್ಯಾಡ ಮತ್ತ. ಆ ಕಡಿ ದಂಡ್ಯಾಗ ಆಟೋದಾಗಿನ ಮೈಕು ತೆಲುಗಿನ್ಯಾಗ ಕೂಗತಿತ್ತು. 'ಮಿಲಿಟ್ರೀವಾಳ್ಳು ವಸ್ತುನ್ನಾರು, ಮೀ ಗೊರ್ರೆಲನಿ ತೀಸ್ಕಪೋತಾರು!' ಅಂತ. ಮಿಲಿಟ್ರಿಯವ್ರು ಬರಾಕತ್ಯಾರ, ನಿಮ್ಮ ಕುರಿ ತೊಗೊಂಡು ಹೋಗ್ತಾರ! ನನಗ ಗೊತ್ತಿದ್ದದ್ದು ಒಂದ ಮಿಲಿಟ್ರಿ. ಮಕ್ತಲ್ ಬಸ್‌ಸ್ಟ್ಯಾಂಡಿನ ಬಾಜೂಕ ಐತಲ್ಲ, ಮಟನ್ ಬಿರಿಯಾನಿದು."

ಶಿರಿಷಾಳ ಬೆರಳುಗಳು ಕೀಲಿಗಳ ಮೇಲೆ ಗಕ್ಕನೆ ನಿಂತವು. "ಮಿಲಿಟ್ರಿ... ಹೋಟೆಲ್?"

"ಹ್ಞೂ. ಹೊಳಿ ಬಂದೈತಿ, ಇದ ಚಾನ್ಸು ಅಂತ ನಮ್ಮ ಕುರಿ ಹೊಡಕೊಂಡು ಹೋಗಾಕ ಬಂದಾರ ಅಂದ್ಕೊಂಡೆ. ಬಂದೂಕಿಲ್ಲ, ಏನಿಲ್ಲ, ಮೈಮ್ಯಾಲ ನೀರಾಗ ತೇಲೂವಂಥಾ ಕೇಸರಿ ಕೋಟು. ದೋಣಿಯಿಂದ ಇಳಿದಾವನ ಒಬ್ಬಾವ ನಮ್ಮ ಟಗರಿನ ನಡ ಹಿಚಿಕಿದ. ಕಡಿಯೋರು ಮಾಂಸ ನೋಡೋದು ಹಂಗ ಅಲ್ಲೇನು? ಮ್ಯಾಲ 'ಕಿತ್ನೇ?' ಅಂತ ಬ್ಯಾರೆ ಕೇಳಿದ. ರೇಟು ಕೇಳಾಕತ್ಯಾನ ಅಂತ 'ನಕ್ಕೋ', ಬ್ಯಾಡ, ಅಂದೆ!"

ಆ ಸೈನಿಕ, ಪಾಪ, ಟಗರಿನ ಭಾರ ನೋಡಿ, ಕುರಿ ಎಷ್ಟಿವೆ ಎಂದು ಕೇಳಿದ್ದ ಅಷ್ಟೇ. ಅವಳ 'ನಕ್ಕೋ' ಸೇನೆಯ ವರದಿಯಿಂದ ಪ್ರಬಂಧದ ಎರಡನೆಯ ಪುಟಕ್ಕೆ ಬಂದು, ಜನರ ಪ್ರತಿರೋಧಕ್ಕೆ ಸಾಕ್ಷಿಯಾಗಿ ಗಂಭೀರವಾಗಿ ಕೂತಿತ್ತು.

"ಎರಡು ತಾಸು ನಲವತ್ತು ಕುರಿ ಹೊಡಕೊಂಡು ದಿಬ್ಬ ಸುತ್ತಿದೆ," ಎಂದಳು ಪೆಂಟಮ್ಮ. "ನಾ ಮುಂದ, ಅವರು ಹಿಂದ."

"ಅವರ ಹಿಂದ ನಾನು!" ಎಂದ ಬಾಲಯ್ಯ. ಅವಳೇ ಬಾಯಿಬಿಟ್ಟ ಮೇಲೆ ಅವನ ಆಣೆಯೂ ಕಳಚಿತ್ತು. ಇಷ್ಟು ದಿನ ತಡೆದುಕೊಂಡಿದ್ದ ನಗುವೆಲ್ಲ ಒಮ್ಮೆಗೇ ಹೊರಬಿದ್ದು ಅವನಿಗೆ ಕೆಮ್ಮು ಹತ್ತಿತು.

"ಮತ್ತ ಹೆಂಗ ಹತ್ತಿದ್ರಿ?"

ಪೆಂಟಮ್ಮನ ದನಿ ತಗ್ಗಿತು. "ಅವತ್ತು ಹುಟ್ಟಿದ ಮರಿ ಒಂದು ಗಡಗಡ ನಡುಗತಿತ್ತು. ಮೀಸಿ ಮೂಡದ ಹುಡುಗ ಒಬ್ಬಾವ ತನ್ನ ಕೋಟು ಬಿಚ್ಚಿ ಮರಿಗೆ ಸುತ್ತಿ, ಎದಿಗೆ ಅವಚಿಕೊಂಡು ನಿಂತ. ಕೊಯ್ಯಾವ್ರು ಮರಿಗೆ ಕೋಟು ಹಾಕ್ತಾರೇನವ್ವಾ? ಟಗರು ಹಿಡಕೊಂಡು ನಾನ ಮೊದಲು ದೋಣಿ ಹತ್ತಿದೆ, ಕುರಿಯೆಲ್ಲಾ ನನ್ನ ಹಿಂದ ಬಂದುವು. ಅಂಥಾವನ ಮ್ಯಾಲ ನಂಬಿಗಿ ಇದ್ದಿಲ್ಲ ಅಂತ ಬರೀತೀಯಾ?"

ಶಿರಿಷಾಗೆ ನಗುವೂ ಬಂತು, ಕಣ್ಣೂ ತುಂಬಿತು. ಎರಡು ವರ್ಷದಲ್ಲಿ ಇಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ. ಮೂರು ಪುಟಗಳನ್ನು ಒಂದೇ ಏಟಿಗೆ ಅಳಿಸಿ, ಆ ಜಾಗದಲ್ಲಿ ಪೆಂಟಮ್ಮ ಹೇಳಿದ್ದನ್ನು ಹೇಳಿದ ಹಾಗೇ ಬರೆದಳು. ಕೊನೆಗೆ ಮೈಕಿನಲ್ಲಿ ಕೂಗುವವರಿಗೊಂದು ಸಲಹೆಯನ್ನೂ ಸೇರಿಸಿದಳು. ಬಾಲಯ್ಯ ಅವಳ ಫೋನು ಹಿಡಿದು ಮಾಳಿಗೆ ಹತ್ತಿ, ಸಿಗ್ನಲ್ ಸಿಕ್ಕಿತೆಂದು ಕೂಗಿದಾಗ ಐದಕ್ಕೆ ಹತ್ತು ನಿಮಿಷ ಇತ್ತು.

"ನನ್ನ ಹೆಸರು ಮಾತ್ರ ಹಾಕಬ್ಯಾಡ," ಎಂದಳು ಪೆಂಟಮ್ಮ. "ಬೀಗರು ನಗ್ತಾರ."

ಪ್ರಬಂಧ ಅಚ್ಚಾಯಿತು. ಅದರಲ್ಲಿ ಪೆಂಟಮ್ಮನ ಹೆಸರು ಇರಲಿಲ್ಲ. ಅದನ್ನು ಯಾರು ಓದಿದರೋ, ಯಾರು ಯಾರಿಗೆ ಹೇಳಿದರೋ ತಿಳಿಯದು. ಮರುವರ್ಷ ಮೇಲಿನಿಂದ ನೀರು ಬಿಟ್ಟು ಜೂರಾಲ ಅಣೆಕಟ್ಟಿನ ಹಿನ್ನೀರು ಏರಿದಾಗ, ಮೈಕು ಕಟ್ಟಿದ ಆಟೋ ಮತ್ತೆ ಹೊಳೆದಂಡೆಗೆ ಬಂತು. ಈ ಸಲ ತೆಲುಗಿನಲ್ಲಿ ಕೂಗಿ, ಬೆನ್ನಿಗೇ ಕನ್ನಡದಲ್ಲೂ ಕೂಗಿತು. ಅದನ್ನು ಕೇಳಿ ಬಾಲಯ್ಯ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತ. ಪೆಂಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೋಟಲಿನ ಮಿಲಿಟ್ರಿ ಅಲ್ರೀ, ಬಂದೂಕಿನ ಮಿಲಿಟ್ರಿ ಬರಾಕತ್ತೈತಿ. ಯಾರೂ ಹೆದರಬ್ಯಾಡ್ರಿ!"