ಪೂಜೆಗಿಟ್ಟ ಪದ್ಯ

ಅಜ್ಜಿಯ ಹಳೆಯ ಇಂಗ್ಲಿಷ್ ಪದ್ಯಸಂಗ್ರಹವನ್ನು ಇವತ್ತು ಕಪಾಟಿನಿಂದ ತೆಗೆದೆ. ರಟ್ಟಿನಲ್ಲಿ ಇನ್ನೂ ಕರ್ಪೂರದ ವಾಸನೆಯಿದೆ, ಅಥವಾ ಇದೆಯೆಂದು ನನಗೆ ಅನ್ನಿಸುತ್ತಿದೆ.

ಆಗ ನನಗೆ ಹತ್ತು ವರ್ಷ. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾಗಿದ್ದ ಅಜ್ಜಿ, ನವರಾತ್ರಿಗೆಂದು ವಿಮಾನ ಹತ್ತಿ, ಪರದೇಶದ ಬುಕಿತ್ ಬಾಟೋಕ್‌ನಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದಿದ್ದಳು. ಸರಸ್ವತಿ ಪೂಜೆಗೆ ಮನೆಯ ಪುಸ್ತಕಗಳನ್ನೆಲ್ಲ ಪೇರಿಸಿ, ಮೇಲೆ ಈ ಸಂಗ್ರಹವನ್ನಿಟ್ಟು ಕುಂಕುಮ ಹಚ್ಚಿದಳು. ಮರುದಿನವೇ ನನ್ನ ಶಾಲೆಯಲ್ಲಿ ಪದ್ಯ ಹೇಳುವ ಸ್ಪರ್ಧೆ. ನಾನು ಆರಿಸಿಕೊಂಡಿದ್ದು ಅದರೊಳಗಿನ, ಸುಮಾರು ಇನ್ನೂರು ವರ್ಷ ಹಳೆಯದಾದ, ಹಿಮದ ಕುರಿತ ಪದ್ಯ. ಕೊನೆಯ ಚರಣ ಇನ್ನೂ ಬಾಯಿಪಾಠವಾಗಿರಲಿಲ್ಲ.

"ಒಂದೇ ಒಂದ್ಸಲ ನೋಡ್ತೀನಿ ಅಜ್ಜಿ, ಪ್ಲೀಸ್ ಲಾ," ಎಂದೆ, ಅಲ್ಲಿನ ಶಾಲೆಯ ಮಕ್ಕಳ ಧಾಟಿಯಲ್ಲಿ.

"ದಶಮಿವರೆಗೂ ಮುಟ್ಟೋ ಹಾಗಿಲ್ಲ. ಮೂವತ್ತು ವರ್ಷ ಪಾಠ ಮಾಡಿದೀನಿ, ನಂಗ್ಯಾಕೋ ಪುಸ್ತಕ? ಕೂತ್ಕೋ, ಹೇಳ್ಕೊಡ್ತೀನಿ."

ತೊಡೆ ತಟ್ಟಿ ತಾಳ ಹಾಕುತ್ತ, ಶ್ಲೋಕ ಕಲಿಸುವಂತೆಯೇ ಒಂದೊಂದು ಸಾಲು ಹೇಳಿಕೊಟ್ಟಳು. ಕೊನೆಯ ಎರಡು ಸಾಲಿಗೆ ಬಂದಾಗ ತಾಳ ನಿಂತಿತು. ತಿರುಗುವ ಫ್ಯಾನನ್ನೇ ಸ್ವಲ್ಪ ಹೊತ್ತು ನೋಡಿ, ಆಮೇಲೆ ಎರಡನ್ನೂ ಒಂದೇ ಉಸಿರಿಗೆ ಹೇಳಿದಳು.

"ಶ್ಯೂರಾ ಅಜ್ಜಿ, ಹೀಗೇನಾ ಇರೋದು?"

"ನನ್ನನ್ನೇ ಕೇಳ್ತೀಯೇನೋ?"

ಮರುದಿನ ನಾನು ಎಲ್ಲೂ ತಡವರಿಸಲಿಲ್ಲ. ಬಹುಮಾನವೂ ಬಂತು, ಮೊದಲನೆಯದೋ ಎರಡನೆಯದೋ, ಪ್ರಮಾಣ ಮಾಡಿ ಹೇಳಲಾರೆ. "ನೋಡಿದ್ಯಾ?" ಎಂದಳು ಅಜ್ಜಿ, ಅಷ್ಟೇ.

ಇವತ್ತು ಕುಂಕುಮದ ಪುಡಿ ಕೊಡವಿ ಆ ಪುಟ ತೆಗೆದರೆ, ಕೊನೆಯ ಎರಡು ಸಾಲು ಬೇರೆಯೇ ಇವೆ. ನನ್ನದೇ ತಪ್ಪಿರಬೇಕೆಂದು ಮೂರು ಸಲ ಓದಿದೆ. ಪದ್ಯದ ಉಳಿದ ಸಾಲುಗಳೆಲ್ಲ ಮರೆತುಹೋಗಿವೆ. ನೋಡದೆ ಹೇಳಲು ಬರುವುದು ಅಜ್ಜಿಯ ಆ ಎರಡು ಮಾತ್ರ.