ಚೆಂಡುಹೂವಿನ ಪಂಕ್ತಿ

ಮನೆಯವರ ಜೊತೆ ಒಪ್ಪಂದವಾದ ಮೇಲೆ ಹುಳುಗಳು ಟೊಮೆಟೊ ಮುಟ್ಟುತ್ತಿರಲಿಲ್ಲ. ಹೊಲದಂಚಿನ ಚೆಂಡುಹೂವಿನ ಸಾಲಷ್ಟೇ ಅವುಗಳ ಪಾಲು. ಆದರೆ ದಿನಾ ಬೆಳಿಗ್ಗೆ ಮನೆಯವರು ಬಂದು, ಬೀಗರನ್ನು ಕರೆದಂತೆ ಬಾಯಿತುಂಬ ಊಟಕ್ಕೆ ಕರೆಯಬೇಕು. ಇಷ್ಟು ದಿನ ಕರೆಯುತ್ತಿದ್ದ ಚಿಕ್ಕಮ್ಮನ ಗಂಟಲು ಕಟ್ಟಿದ್ದರಿಂದ ಇಂದು ಆ ಕೆಲಸ ನಾಚಿಕೆಯ ಮುದ್ದೆಯಂತಿದ್ದ ಲಾವಣ್ಯಳ ತಲೆಗೆ ಬಂತು.

"ದಯಮಾಡಿ ಊಟಕ್ಕೇಳಿ," ಎಂದು ಅವಳು ಮತ್ತೆ ಮತ್ತೆ ಗೊಣಗಿದಳು. ಹುಳುಗಳು ಮುನಿಸಿಕೊಂಡು, ನಾಳೆ ಕೀಳಬೇಕಿದ್ದ ಹಣ್ಣುಗಳತ್ತ ಹೊರಟವು.

"ಜೋರಾಗಿ ಕರಿಯೇ. ಇವು ಗಂಡಿನ ಕಡೆಯೋರಿದ್ದಂಗೆ, ಇಷ್ಟು ಉಪಚಾರ ಸಾಲಲ್ಲ," ಎಂದು ಚಿಕ್ಕಮ್ಮ ಒಡಕು ದನಿಯಲ್ಲಿ ಗದರಿದಳು.

ಲಾವಣ್ಯಳಿಗೆ ರೇಗಿಹೋಯಿತು. "ತಿನ್ನೋದಾದ್ರೆ ಹೂ ತಿನ್ನಿ, ಇಲ್ಲಾಂದ್ರೆ ಉಪವಾಸ ಬಿದ್ದಿರಿ. ನಿಮ್ಮನ್ನ ರಮಿಸೋಕೆ ನಂಗೆ ಪುರುಸೊತ್ತಿಲ್ಲ."

ಹುಳುಗಳು ತೆಪ್ಪಗೆ ಚೆಂಡುಹೂವಿನತ್ತ ತಿರುಗಿದವು.

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಬೈದ್ರೆ ಕೇಳ್ತಾವೆ ಅಂತ ಗೊತ್ತಿದ್ರೆ, ಇಷ್ಟು ವರ್ಷ ನಾನ್ಯಾಕೆ ಕೈ ಮುಗೀತಿದ್ದೆ?"