ಫೆಬ್ರವರಿಯ ಬಾಗಿಲು

ಕಂಪ್ಯೂಟರ್ ವಿಷಯದಲ್ಲಿ ನನ್ನದು ಸಂಜೆ ತರಗತಿಯ ಜ್ಞಾನ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಕಲಿನಾ ಮತ್ತೊಮ್ಮೆ ಕಾರ್ಡ್ ತೋರಿಸಿದಳು. ಬಾಗಿಲು ಮಿಸುಕಲಿಲ್ಲ.

ರೂಸೆ ಪಟ್ಟಣದ ಆ ವಿಮಾ ಕಂಪನಿಯ ಸರ್ವರ್ ಕೋಣೆಗೆ ಕಿಟಕಿಯಿಲ್ಲ. ಮೊಬೈಲಿಗೆ ಸಿಗ್ನಲ್ ಇಲ್ಲ. ತುರ್ತು ಗುಂಡಿಯ ಮೇಲೆ ‘ಕೆಟ್ಟಿದೆ’ ಎಂಬ ಚೀಟಿ. ಹೊರಗೆ ಮಾರ್ಚ್ ಮೂರರ ರಾಷ್ಟ್ರೀಯ ದಿನದ ರಜೆ. ವಾರಾಂತ್ಯವೂ ಸೇರಿ ಮೂರು ದಿನ ಈ ಕಡೆ ಯಾರೂ ಸುಳಿಯುವುದಿಲ್ಲ. ಇಲ್ಲಿನ ಬಾಗಿಲುಗಳನ್ನು ಆಳುವುದು, ಯಾರ ಕಾರ್ಡ್ ಒಪ್ಪಬೇಕೆಂಬ ಪಟ್ಟಿ ಇಟ್ಟುಕೊಳ್ಳುವುದು ಒಂದು ವರ್ಚುವಲ್ ಯಂತ್ರ. ಅಂದರೆ, ದೊಡ್ಡ ಸರ್ವರಿನ ಹೊಟ್ಟೆಯಲ್ಲಿ ಬರೀ ಒಂದು ಕಡತವಾಗಿ ಬದುಕುವ ಕಂಪ್ಯೂಟರು. ಅವಳು ಒಳಗೆ ಬಂದ ಸ್ವಲ್ಪ ಹೊತ್ತಿಗೇ ಅದು ಸತ್ತಿತ್ತು.

ಬಾಗಿಲಾಚೆ ಯಾರೋ ಕೆಮ್ಮಿದರು.

“ಯಾರದು? ನಾನು ಸಿಕ್ಕಿಹಾಕ್ಕೊಂಡಿದೀನಿ. ನಿಮ್ಮ ಕಾರ್ಡ್ ಹಾಕಿ ನೋಡಿ.”

“ಹಾಕಿದೆ ಮಗಳೇ. ನನ್ನದನ್ನೂ ಒಪ್ತಿಲ್ಲ.” ವಯಸ್ಸಾದ ಗಂಡಸಿನ ದನಿ. “ಹೊಸಬಳಲ್ವಾ ನೀನು? ರಜೆ ದಿನ ಹೊಸಬರನ್ನೇ ಗಾಣಕ್ಕೆ ಕಟ್ತಾರೆ. ಹೆದರ್ಬೇಡ. ಬ್ಯಾಕಪ್‌ನಿಂದ ಆ ಯಂತ್ರದ ಡಿಸ್ಕ್ ವಾಪಸ್ ತಂದ್ರೆ ಆಯ್ತು.”

ಹೆಸರು ಕೇಳಲು ಅವಳಿಗೆ ಸಂಕೋಚವಾಯಿತು. ಕೆಲಸಕ್ಕೆ ಸೇರಿದ್ದು ಮೊನ್ನೆ, ಮಾರ್ಚ್ ಒಂದಕ್ಕೆ. ಅಂದು ಕಚೇರಿಯಲ್ಲಿ ಎಲ್ಲರ ಮಣಿಕಟ್ಟಿಗೂ ಮಾರ್ತೆನಿತ್ಸಾ, ವಸಂತದ ಕೆಂಪು-ಬಿಳಿ ದಾರ, ಕಟ್ಟಿದ್ದರು. ಕಲಿನಾಳ ಕೈಗೆ ಬಂದದ್ದು ಅವಳ ಕುರ್ಚಿಯಲ್ಲಿ ಹಿಂದೆ ಕೂರುತ್ತಿದ್ದ ಸ್ವಿಲೆನ್ ದರಕ್ಚಿಯೆವ್‌ಗೆಂದು ತಂದಿದ್ದ ದಾರ. ಅವನನ್ನು ಅಂದು ಬೆಳಿಗ್ಗೆಯೇ ಕೆಲಸದಿಂದ ತೆಗೆದಿದ್ದರು. ಯಾಕೆಂದು ಯಾರೂ ಬಾಯಿ ಬಿಡಲಿಲ್ಲ.

ಡಿಸ್ಕ್ ಮರಳಿಸುವ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಸರಣಿ, ಕೂಡ ಅವನೇ ಬರೆದಿಟ್ಟದ್ದು. ಕಪ್ಪು ಪರದೆಯಲ್ಲಿ ಅದರ ಹೆಸರು ಟೈಪ್ ಮಾಡಿದಳು.

“ಅದರ ಮುಂದೆ ತಾರೀಖು ಹಾಕು,” ಎಂದಿತು ದನಿ.

“ನಿನ್ನೆಯದು ಹಾಕ್ತೀನಿ ಚಿಕ್ಕಪ್ಪ.”

“ಬೇಡ. ರೋಗ ಯಾವಾಗ ಹತ್ತಿತೋ ಯಾರಿಗ್ಗೊತ್ತು? ಮಾರ್ತೆನಿತ್ಸಾ ಕಟ್ಟೋಕ್ಕೆ ಮುಂಚಿನದು ತಗೋ. ಆಗ ಎಲ್ಲಾ ಸರಿಯಾಗಿತ್ತು.”

“ಮೊದಲು ಬೇರೆ ಹೆಸರಲ್ಲಿ ಇಳಿಸಿ ಪರೀಕ್ಷೆ ಮಾಡ್ಲಾ? ತರಗತಿಯಲ್ಲಿ ಹಾಗೇ ಹೇಳ್ಕೊಟ್ಟಿದ್ರು.”

“ತರಗತಿಯಲ್ಲಿ ನಿನ್ನ ಕೂಡಿಹಾಕಿರ್ಲಿಲ್ವಲ್ಲ.”

ಅದೂ ನಿಜವೇ. ಫೆಬ್ರವರಿಯ ಕೊನೆಯ ತಾರೀಖು ಕೊಟ್ಟಳು. ‘ಈಗಿನ ಡಿಸ್ಕ್ ಅಳಿಸಲೇ?’ ಎಂದು ಪರದೆ ಕೇಳಿತು. ‘ಹೌದು’ ಎಂದಳು. ಅಂಕಿಗಳು ಇರುವೆಯಂತೆ ತೆವಳಿದವು. ಕೊನೆಗೂ ಯಂತ್ರ ಕಣ್ಣು ಬಿಟ್ಟಿತು.

“ಎದ್ದಿತು ಚಿಕ್ಕಪ್ಪ!”

“ಗೊತ್ತಾಯ್ತು. ಇಲ್ಲಿ ಹಸಿರು ದೀಪ ಬಂತು.”

ಬಾಗಿಲು ಹೊರಗಿನಿಂದ ತೆರೆಯಿತು. ಒಳಗೆ ಬಂದ ಕೈಯ ಮಣಿಕಟ್ಟಿನಲ್ಲಿ ದಾರವಿರಲಿಲ್ಲ. ಗೋಡೆಯ ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿತು: ಸ್ವಾಗತ, ಸ್ವಿಲೆನ್ ದರಕ್ಚಿಯೆವ್.

ಕಲಿನಾ ಗೋಡೆಗೊರಗಿ ನಿಂತುಬಿಟ್ಟಳು. ಅವನು ನೇರವಾಗಿ ಕಪಾಟಿನ ಬಳಿ ಹೋದ. ಬ್ಯಾಕಪ್ ಇದ್ದ ಡಿಸ್ಕನ್ನು ಎಳೆದು ಕೋಟಿನ ಜೇಬಿಗೆ ಇಳಿಬಿಟ್ಟ. ನೀರಿನ ಬಾಟಲಿಗಳನ್ನೂ ಇನ್ನೂ ಬಿಸಿ ಆರದ ಬಾನಿತ್ಸಾ ರೊಟ್ಟಿಯ ದೊಡ್ಡ ಪೊಟ್ಟಣವನ್ನೂ ನೆಲದ ಮೇಲಿಟ್ಟ.

“ಮೂರು ದಿನಕ್ಕೆ ಸಾಕಾಗುತ್ತೆ,” ಎಂದ. “ಕೋಪ ಮಾಡ್ಕೋಬೇಡ ಮಗಳೇ.”

ಯಾತಕ್ಕೆ ಮೂರು ದಿನ ಎಂದು ಅವಳು ಯೋಚಿಸುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಓಡಿಹೋಗಿ ಕಾರ್ಡ್ ತೋರಿಸಿದಳು. ಕೆಂಪು ದೀಪ. ನಿನ್ನೆಯ ಪ್ರತಿ ಅವನ ಜೇಬಿನಲ್ಲಿತ್ತು. ಫೆಬ್ರವರಿಯಲ್ಲಿ ಕಲಿನಾ ಎಂಬವಳು ಆ ಕಂಪನಿಯಲ್ಲಿ ಇರಲೇ ಇಲ್ಲ.

ಆ ಡಿಸ್ಕಿನಲ್ಲಿ ಇನ್ನೇನಿತ್ತು, ಆ ಯಂತ್ರವನ್ನು ಮೊದಲು ಕೊಂದವರು ಯಾರು ಎಂಬುದು ನನಗೆ ತಿಳಿಯದು.